ಪದ ಪರಿಚಯ: ಮೇಲ್ಮೈ ಒರಟುತನ, ಅದನ್ನು ಅಗ್ಗದಲ್ಲಿ ಅಳೆಯುವ ಬಗೆ

ಲೋಹ ಕಡೆಯುವ ಯಂತ್ರವಾದ ಲೇತಿನಿಂದ ಆಗತಾನೇ ಇಳಿಸಿದ ಶಾಫ್ಟ್ (ಉರುಟು ದಂಡ) ಎಷ್ಟೇ ಹೊಳೆದರೂ ಅದರ ಮೈಮೇಲೆ ಟೂಲಿನ ಮೊನೆ ಹಾದುಹೋದ ಗೆರೆಗಳು ಒತ್ತೊತ್ತಾಗಿ ಉಳಿದಿರುತ್ತವೆ. ಈ ಸೂಕ್ಷ್ಮ ಉಬ್ಬುತಗ್ಗುಗಳನ್ನೇ ಮೇಲ್ಮೈ ಒರಟುತನ ಎನ್ನುತ್ತಾರೆ. ವರ್ಕ್‌ಶಾಪಿನ ಮಾತಿನಲ್ಲಿ ಅದು ‘ಫಿನಿಶ್’. ಎಣ್ಣೆ ಸೋರದಂತೆ ತಡೆಯುವ ಬಳೆ, ಅಂದರೆ ಆಯಿಲ್ ಸೀಲ್ ಕೂರುವ ಜಾಗದಲ್ಲಿ ಫಿನಿಶ್ ಸರಿ ಬಾರದಿದ್ದರೆ ಸೀಲಿನ ಅಂಚು ಬೇಗ ಸವೆದು ಎಣ್ಣೆ ಸೋರತೊಡಗುತ್ತದೆ.

ಯಂತ್ರಭಾಗದ ನಕ್ಷೆಯಾದ ಡ್ರಾಯಿಂಗಿನಲ್ಲಿ ಕಾಣುವ ‘ಆರ್‌ಎ 1.6’ (Ra 1.6) ಎಂಬುದು ಈ ಒರಟುತನದ ಅಳತೆ. ಮೇಲ್ಮೈಯ ಸರಾಸರಿ ಗೆರೆಯಿಂದ ಪ್ರತಿ ಬಿಂದುವಿಗಿರುವ ದೂರವನ್ನು, ಅದು ಉಬ್ಬೋ ತಗ್ಗೋ ಎಂಬ ಭೇದವೆಣಿಸದೆ ಕೂಡಿಸಿ ತೆಗೆದ ಸರಾಸರಿಯೇ ಆರ್‌ಎ. ಇಲ್ಲಿ ಅದು 1.6 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಪಾಲಿಗಿಂತ ತುಸು ಹೆಚ್ಚು. ಸರಾಸರಿಯಾದ್ದರಿಂದ ಒಂಟಿ ಆಳವಾದ ಗೀರು ಇದರಲ್ಲಿ ಅಡಗಿಹೋಗಬಹುದು ಎಂಬುದನ್ನು ಮರೆಯಬಾರದು.

ವಜ್ರದ ಮೊನೆಯನ್ನು ಮೇಲ್ಮೈ ಮೇಲೆ ಎಳೆದು ಓದುವ ಉಪಕರಣ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಪ್ರತಿ ಸಣ್ಣ ವರ್ಕ್‌ಶಾಪಿನ ಕೈಗೂ ಎಟುಕುವಂಥದ್ದಲ್ಲ. ಅಲ್ಲಿ ನೆರವಿಗೆ ಬರುವುದು ಹೋಲಿಕೆ ಫಲಕ. ಅಂಗೈಯಲ್ಲಿ ಹಿಡಿಯಬಹುದಾದ ಈ ಲೋಹದ ಪಟ್ಟಿಯಲ್ಲಿ ಟರ್ನಿಂಗ್ (ಲೇತಿನಲ್ಲಿ ತಿರುಗಿಸಿ ಕಡೆಯುವುದು), ಮಿಲ್ಲಿಂಗ್ (ತಿರುಗುವ ಕಟ್ಟರಿನಿಂದ ಕೊರೆಯುವುದು), ಗ್ರೈಂಡಿಂಗ್ (ಸಾಣೆ ಚಕ್ರದಿಂದ ಉಜ್ಜುವುದು) ಮುಂತಾದ ಕೆಲಸಗಳ ಮಾದರಿ ಚೌಕಗಳಿದ್ದು, ಪ್ರತಿಯೊಂದರ ಪಕ್ಕದಲ್ಲೂ ಅದರ ಆರ್‌ಎ ಬರೆದಿರುತ್ತದೆ. ಉಗುರಿನ ತುದಿಯನ್ನು ಮೊದಲು ಕೆಲಸದ ತುಂಡಿನ ಮೇಲೆ, ಅನಂತರ ಚೌಕದ ಮೇಲೆ ಎಳೆದು, ಸ್ಪರ್ಶ ಯಾವುದಕ್ಕೆ ಹೊಂದುತ್ತದೆಂದು ನೋಡಬೇಕು. ಉಗುರು ಗೆರೆಗಳಿಗೆ ಅಡ್ಡಲಾಗಿಯೇ ಚಲಿಸಬೇಕು, ಏಕೆಂದರೆ ಗೆರೆಯ ಉದ್ದಕ್ಕೂ ಎಳೆದರೆ ಒರಟು ಮೈಯೂ ನಯವೆನಿಸುತ್ತದೆ. ಟರ್ನಿಂಗ್ ಮಾಡಿದ್ದನ್ನು ಗ್ರೈಂಡಿಂಗ್ ಚೌಕದೊಂದಿಗೆ ಹೋಲಿಸುವುದು ಸಲ್ಲದು. ಆರ್‌ಎ ಒಂದೇ ಆದರೂ ಅವೆರಡೂ ಬೆರಳಿಗೆ ಬೇರೆಯಾಗಿಯೇ ತೋರುತ್ತವೆ. ಈ ವಿಧಾನ 1.6ನ್ನು 3.2ರಿಂದ ಬೇರ್ಪಡಿಸಲು ಸಾಕು, 1.6ನ್ನು 1.8ರಿಂದ ಬೇರ್ಪಡಿಸಲು ಸಾಲದು. ಗ್ರಾಹಕರು ಅಳತೆಯ ವರದಿ ಕೇಳಿದಾಗ ಉಪಕರಣವೇ ಬೇಕು.

ಟರ್ನಿಂಗಿನಲ್ಲಿ ಖರ್ಚೇ ಇಲ್ಲದ ಅಂದಾಜೂ ಒಂದಿದೆ. ಕೆಲಸದ ತುಂಡು ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರವೇ ಫೀಡ್. ಫೀಡನ್ನು ಅದರಿಂದಲೇ ಗುಣಿಸಿದಾಗ ಬರುವ ವರ್ಗವನ್ನು ಟೂಲ್ ಮೊನೆಯ ತ್ರಿಜ್ಯದ 32 ಪಟ್ಟಿನಿಂದ ಭಾಗಿಸಿದರೆ ಆರ್‌ಎ ಸುಮಾರಾಗಿ ಸಿಗುತ್ತದೆ. ಪ್ರತಿ ಸುತ್ತಿಗೂ 0.2 ಮಿ.ಮೀ. ಫೀಡ್, 0.8 ಮಿ.ಮೀ. ತ್ರಿಜ್ಯ ಇದ್ದರೆ ಉತ್ತರ ಹೆಚ್ಚುಕಡಿಮೆ 1.6 ಮೈಕ್ರಾನ್. ಕೈಗೆ ಸಿಗುವ ಒರಟುತನ ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ ಟೂಲ್ ಸವೆದಿರಬಹುದು, ಇಲ್ಲವೇ ಕೆಲಸದ ತುಂಡು ಅದುರುತ್ತಿರಬಹುದು.

ಬೆರಳೂ ಉಪಕರಣವೂ ತಲುಪದ ಬೋರಿನ, ಅಂದರೆ ಕೊರೆದ ರಂಧ್ರದ ಒಳಮೈಗೆ ಅಚ್ಚು ತೆಗೆಯುವ ದಾರಿಯಿದೆ. ಗಟ್ಟಿಯಾಗುವ ಅಂಟುದ್ರವ್ಯವನ್ನು ಒತ್ತಿ ಬಿಡಿಸಿಕೊಂಡು, ಆ ಅಚ್ಚನ್ನು ಹೊರಗೆ ಅಳೆಯುತ್ತಾರೆ. ಅಚ್ಚಿನಲ್ಲಿ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ತಿರುವುಮುರುವಾದರೂ ಲೆಕ್ಕ ಕೆಡುವುದಿಲ್ಲ; ಆರ್‌ಎ ಆ ಭೇದವನ್ನು ಮೊದಲಿನಿಂದಲೂ ಎಣಿಸಿಯೇ ಇಲ್ಲ.