ಮೀನು ಮಾರ್ಕೆಟ್ಟಿನ ಬಯಲಲ್ಲಿ ಕೂತ ಹೆಂಗಸರು: ಲಿಬೇರಿಯಾ 2003, ಅಧ್ಯಯನ ಟಿಪ್ಪಣಿ

ಮಹಿಳಾ ಸಬಲೀಕರಣಕ್ಕೆ ಆಫ್ರಿಕಾದ ಒಂದು ಉದಾಹರಣೆ ಕೊಡಿ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಮ್ಮಲ್ಲಿ ಬಹಳ ಜನ ಲಿಬೇರಿಯಾ ಎಂದು ಬರೆಯುತ್ತಾರೆ. 2011ರ ನೊಬೆಲ್ ಶಾಂತಿ ಪ್ರಶಸ್ತಿ, ಆಗಿನ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್, ಶಾಂತಿ ಹೋರಾಟಗಾರ್ತಿ ಲೇಮಾ ಬೋವೀ, ಇಷ್ಟು ಸೇರಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದರೆ ಪ್ರಶಸ್ತಿ ಬಂದದ್ದು ಎಂಟು ವರ್ಷ ಕಳೆದ ಮೇಲೆ. ಅದಕ್ಕೂ ಮೊದಲು ರಾಜಧಾನಿ ಮನ್ರೋವಿಯಾದಲ್ಲಿ, ರಸ್ತೆ ಪಕ್ಕದ ಒಂದು ಬಯಲಿನಲ್ಲಿ, ಬಿಸಿಲು ಮಳೆ ಎನ್ನದೆ ದಿನವೂ ಬಂದು ಕೂತ ಹೆಂಗಸರಿದ್ದರು. ಅವರು ಎಲ್ಲಿ ಕೂತರು, ಏನು ತೊಟ್ಟರು, ಏನು ಕೇಳಿದರು, ಏನನ್ನು ಬೇಕೆಂದೇ ಕೇಳದೆ ಬಿಟ್ಟರು ಎಂಬುದನ್ನು ಗಮನವಿಟ್ಟು ನೋಡಿದರೆ ಮಾತ್ರ ಈ ಚಳವಳಿ ಕೈಗೆ ಸಿಗುತ್ತದೆ. ಕಣ್ಣೀರಿಗೆ ಕರಗಿ ಯುದ್ಧ ನಿಂತಿತು ಎಂಬಂತೆ ಬರೆಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅದು ಲೆಕ್ಕ ಹಾಕಿ ಕಟ್ಟಿದ ಸಂಘಟನೆ.

ಹಿನ್ನೆಲೆ

ಅಮೆರಿಕದಿಂದ ಬಂದು ನೆಲೆಸಿದ ಕಪ್ಪು ಜನ 1847ರಲ್ಲಿ ಲಿಬೇರಿಯಾವನ್ನು ಗಣರಾಜ್ಯವೆಂದು ಘೋಷಿಸಿದರು. ಮುಂದೆ ನೂರಕ್ಕೂ ಹೆಚ್ಚು ವರ್ಷ ಅಧಿಕಾರ ಅವರ ಸಂತತಿಯ ಕೈಯಲ್ಲೇ ಇತ್ತು. ಒಳನಾಡಿನ ಮೂಲ ಸಮುದಾಯಗಳು ಹೊರಗೇ ಉಳಿದವು. 1980ರಲ್ಲಿ ಸೈನಿಕ ಸ್ಯಾಮ್ಯುಯೆಲ್ ಡೋ ಸರ್ಕಾರವನ್ನು ಉರುಳಿಸಿದ. 1989ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಟೇಲರ್ ತನ್ನ ಪಡೆಯೊಂದಿಗೆ ಗಡಿ ದಾಟಿ ನಿಂಬಾ ಪ್ರಾಂತ್ಯಕ್ಕೆ ನುಗ್ಗಿದ. ಅಲ್ಲಿಂದ ಮೊದಲ ಅಂತರ್ಯುದ್ಧ. 1997ರ ಚುನಾವಣೆಯಲ್ಲಿ ಟೇಲರನೇ ಗೆದ್ದು ಅಧ್ಯಕ್ಷನಾದ. 1999ರಲ್ಲಿ ಅವನ ವಿರುದ್ಧ ಮತ್ತೆ ಯುದ್ಧ: ಉತ್ತರದಿಂದ ಲರ್ಡ್ ಎಂಬ ಬಂಡುಕೋರ ಗುಂಪು, 2003ರ ಹೊತ್ತಿಗೆ ಪೂರ್ವದ ಕಡೆಯಿಂದ ಮಾಡೆಲ್ ಎಂಬ ಇನ್ನೊಂದು. ಎರಡೂ ಯುದ್ಧಗಳಲ್ಲಿ ಸತ್ತವರು ಸುಮಾರು 2,50,000 ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದರು. ಹೆಂಗಸರ ಮೇಲಿನ ಅತ್ಯಾಚಾರ ಯುದ್ಧದ ಆಯುಧವೇ ಆಗಿತ್ತು.

ಒಂದು ಜಾಗವನ್ನು ನೆನಪಿಟ್ಟುಕೊಳ್ಳಿ: ಮನ್ರೋವಿಯಾದ ಸೇಂಟ್ ಪೀಟರ್ಸ್ ಲೂಥರನ್ ಚರ್ಚ್. 1990ರ ಜುಲೈನಲ್ಲಿ ಅಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಡೋನ ಸೈನಿಕರು ಕೊಂದರು. ಮುಂದೆ ಹೆಂಗಸರ ಶಾಂತಿ ಸಭೆಗಳು ನಡೆದದ್ದು ಅದೇ ಚರ್ಚಿನಲ್ಲಿ.

ಮೊದಲು ಬಂದವರು

ಚಳವಳಿಗೆ ಒಬ್ಬರೇ ನಾಯಕಿ ಎಂದು ಬರೆದರೆ ತಪ್ಪಾಗುತ್ತದೆ. 1994ರಲ್ಲೇ ಮೇರಿ ಬ್ರೌನೆಲ್ ಮತ್ತಿತರರು ಲಿಬೇರಿಯಾ ಮಹಿಳೆಯರ ವೇದಿಕೆಯೊಂದನ್ನು ಕಟ್ಟಿ, ಮೊದಲು ಶಸ್ತ್ರ ಕೆಳಗಿಡಿ, ಆಮೇಲೆ ಚುನಾವಣೆಯ ಮಾತಾಡಿ ಎಂದು ಕೇಳುತ್ತಿದ್ದರು. 2001ರಲ್ಲಿ ನೈಜೀರಿಯಾದ ಥೆಲ್ಮಾ ಎಕಿಯೋರ್ ಪಶ್ಚಿಮ ಆಫ್ರಿಕಾದ ಶಾಂತಿ ಜಾಲದೊಳಗೆ ಮಹಿಳೆಯರದ್ದೇ ಒಂದು ವಿಭಾಗ ಆರಂಭಿಸಿದರು. ಅದರ ಹೆಸರು ವಿಪ್‌ನೆಟ್. ಲಿಬೇರಿಯಾದಲ್ಲಿ ಅದನ್ನು ನಡೆಸುವ ಹೊಣೆ ಲೇಮಾ ಬೋವೀ ಅವರಿಗೆ ಬಂತು. (ರೋಮನ್ ಲಿಪಿಯಲ್ಲಿ ಅವರ ಮನೆತನದ ಹೆಸರಿನ ಮೊದಲಿಗೆ ಜಿ ಅಕ್ಷರ ಇದೆ, ಉಚ್ಚಾರದಲ್ಲಿ ಕೇಳಿಸುವುದಿಲ್ಲ.) ಯುದ್ಧ ಶುರುವಾದಾಗ ಆಕೆಗೆ ಹದಿನೇಳು ವರ್ಷ. ಆಮೇಲೆ ಸಮಾಜ ಕಾರ್ಯಕರ್ತೆಯಾಗಿ ತರಬೇತಿ ಪಡೆದು, ಟೇಲರ್ ಪಡೆಯಲ್ಲಿ ಹೋರಾಡಿದ್ದ ಹುಡುಗರ ಜೊತೆಯೇ ಕೆಲಸ ಮಾಡಿದವರು.

2002ರಲ್ಲಿ ಚರ್ಚಿನ ಹೆಂಗಸರ ಸಭೆಗೆ ಅಸಾಟು ಬಾ ಕೆನೆತ್ ಎಂಬ ಮುಸ್ಲಿಂ ಮಹಿಳೆ ಬಂದಿದ್ದರು. ಅವರು ಪೊಲೀಸ್ ಅಧಿಕಾರಿ. ಆ ಸಭೆಯಲ್ಲಿದ್ದ ಏಕೈಕ ಮುಸ್ಲಿಂ ಆಕೆ. ಎದ್ದು ನಿಂತು, ಮುಸ್ಲಿಂ ಹೆಂಗಸರನ್ನೂ ಸೇರಿಸುತ್ತೇನೆ ಎಂದರು. ಕೆಲವು ಕ್ರೈಸ್ತ ಹೆಂಗಸರಿಗೆ ಇದು ಇಷ್ಟವಾಗಲಿಲ್ಲ. ಗುಂಡು ಕ್ರೈಸ್ತ, ಮುಸ್ಲಿಂ ಎಂದು ನೋಡಿ ಹೊಡೆಯುತ್ತದೆಯೇ ಎಂಬ ಮಾತು ಬಂದ ಮೇಲೆ ಒಂದಾದರು. ನನ್ನ ಮಟ್ಟಿಗೆ ಇಡೀ ಚಳವಳಿಯ ಕೀಲು ಈ ಸಭೆ. ಒಂದೇ ಧರ್ಮದವರು ಕೂತಿದ್ದರೆ ಅವರನ್ನು ಒಂದು ಬಣಕ್ಕೆ ತಳ್ಳಿಬಿಡುವುದು ಟೇಲರನಿಗೂ ಸುಲಭವಿತ್ತು, ಬಂಡುಕೋರರಿಗೂ ಸುಲಭವಿತ್ತು.

ಜನ ಸೇರಿಸಿದ ರೀತಿ ನೋಡಿ. ಶುಕ್ರವಾರ ನಮಾಜಿನ ಹೊತ್ತಿಗೆ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚು. ಹೆಂಗಸರು ಎಲ್ಲಿ ಹೇಗೂ ಸೇರುತ್ತಾರೋ ಅಲ್ಲಿಗೇ ಹೋದರು. ಓದು ಬಾರದವರಿಗಾಗಿ ಕರಪತ್ರದಲ್ಲಿ ಚಿತ್ರ ಬರೆದು ಹಂಚಿದರು. ಹೊಸ ಕಚೇರಿ ಕಟ್ಟಿ, ಬನ್ನಿ ಎಂದು ಕರೆದು ಕಾಯಲಿಲ್ಲ.

ಆ ಬಯಲು

2003ರ ಏಪ್ರಿಲ್‌ನಲ್ಲಿ ಧರಣಿ ಶುರುವಾಯಿತು. ಅವರು ಆರಿಸಿಕೊಂಡದ್ದು ಸಿಂಕೋರ್ ಎಂಬ ಭಾಗದ ಮೀನು ಮಾರ್ಕೆಟ್ಟಿನ ಹತ್ತಿರದ ಬಯಲು. ಪಕ್ಕದಲ್ಲೇ ಟಬ್‌ಮನ್ ಬುಲೇವಾರ್ಡ್, ಊರಿನ ಮುಖ್ಯ ರಸ್ತೆ. ಟೇಲರನ ಕಾರುಗಳ ಸಾಲು ದಿನವೂ ಆ ದಾರಿಯಲ್ಲೇ ಹೋಗಿ ಬರಬೇಕು. ಅಂದರೆ ಮನವಿ ಹಿಡಿದುಕೊಂಡು ಅಧ್ಯಕ್ಷನ ಬಾಗಿಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ಅವನೇ ಅವರ ಮುಂದೆ ಹಾದುಹೋಗಬೇಕಿತ್ತು, ನೋಡಲು ಮನಸ್ಸಿಲ್ಲದಿದ್ದರೂ. ದಿನ ಕಳೆದಂತೆ ಕೂತವರ ಸಂಖ್ಯೆ ಎರಡು ಸಾವಿರ ದಾಟಿತು.

ಎಲ್ಲರೂ ಬಿಳಿ ಟೀ-ಶರ್ಟ್ ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಒಡವೆ ಇಲ್ಲ, ಬಣ್ಣದ ತಲೆಬಟ್ಟೆ ಇಲ್ಲ. ಪಶ್ಚಿಮ ಆಫ್ರಿಕಾದಲ್ಲಿ ತಲೆಗೆ ಕಟ್ಟುವ ಬಟ್ಟೆಯ ಬಣ್ಣ, ಕಟ್ಟುವ ರೀತಿ ನೋಡಿ ಆಕೆಯ ಅಂತಸ್ತು ಹೇಳಬಹುದು. ಬಿಳಿ ಬಟ್ಟೆ ಅದನ್ನು ಅಳಿಸಿಹಾಕಿತು. ಮೀನು ಮಾರುವವಳು, ವಕೀಲೆ, ಊರು ಬಿಟ್ಟು ನಿರಾಶ್ರಿತರ ಶಿಬಿರ ಸೇರಿದವಳು, ಯಾರು ಯಾರೆಂದು ದೂರದಿಂದ ಹೇಳಲಾಗದು.

ಬೇಡಿಕೆ ಮೂರೇ: ಷರತ್ತಿಲ್ಲದೆ ತಕ್ಷಣ ಕದನ ವಿರಾಮ, ಮಾತುಕತೆ, ಶಾಂತಿ ಕಾಯಲು ಹೊರಗಿನ ಪಡೆ. ಯಾರು ಅಧಿಕಾರದಲ್ಲಿರಬೇಕು, ಯಾರು ಇಳಿಯಬೇಕು ಎಂಬ ಮಾತೇ ಆ ಪಟ್ಟಿಯಲ್ಲಿಲ್ಲ. ಅವರಿಗೆ ಅಭಿಪ್ರಾಯ ಇರಲಿಲ್ಲವೆಂದಲ್ಲ. ಹೇಳಿದ್ದರೆ ಮರುದಿನವೇ ವಿರೋಧಿಗಳ ಏಜೆಂಟರೆಂಬ ಹಣೆಪಟ್ಟಿ ಬೀಳುತ್ತಿತ್ತು. ಈ ಸಂಯಮವನ್ನು ಉತ್ತರದಲ್ಲಿ ಬಿಡಿಸಿ ಬರೆಯಿರಿ. ಇದು ದುರ್ಬಲ ಬೇಡಿಕೆಯಲ್ಲ.

ಹೆಂಗಸರು ಗಂಡಂದಿರ ಜೊತೆ ಮಲಗುವುದಿಲ್ಲವೆಂದು ಹೂಡಿದ ಮುಷ್ಕರವನ್ನೇ ಹಲವರು ಮೊದಲು ಹೇಳುತ್ತಾರೆ. ಅದು ನಡೆದದ್ದು ನಿಜ. ಆದರೆ ಯುದ್ಧ ನಿಲ್ಲಿಸುವುದರಲ್ಲಿ ಅದರ ಪಾತ್ರ ಕಡಿಮೆ, ಪತ್ರಿಕೆಗಳ ಗಮನ ಸೆಳೆಯಲು ಅನುಕೂಲವಾಯಿತು ಎಂದು ಬೋವೀ ಅವರೇ ಹೇಳಿಕೊಂಡಿದ್ದಾರೆ. ಟಿಪ್ಪಣಿಯಲ್ಲಿ ಅದಕ್ಕೆ ಒಂದು ಸಾಲು ಸಾಕು.

ಏಪ್ರಿಲ್ 23ರಂದು ಟೇಲರ್ ಈ ಹೆಂಗಸರನ್ನು ಭೇಟಿಗೆ ಕರೆಯಲೇಬೇಕಾಯಿತು. ಶಾಂತಿ ಮಾತುಕತೆಗೆ ಹೋಗುತ್ತೇನೆಂದು ಒಪ್ಪಿದ. ಬಂಡುಕೋರ ಮುಖಂಡರನ್ನೂ ಹೆಂಗಸರೇ ಕಂಡು ಒಪ್ಪಿಸಿದರು.

ಅಕ್ರಾ, ಜುಲೈ 21

ಘಾನಾದ ಅಕ್ರಾದಲ್ಲಿ ಜೂನ್ 4ರಂದು ಮಾತುಕತೆ ಆರಂಭವಾಯಿತು. ಅದೇ ದಿನ ನೆರೆಯ ದೇಶ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ ಟೇಲರನ ಮೇಲಿನ ಯುದ್ಧಾಪರಾಧದ ಆರೋಪಪಟ್ಟಿಯನ್ನು ಬಹಿರಂಗಗೊಳಿಸಿತು, ಅವನು ತರಾತುರಿಯಲ್ಲಿ ಮನ್ರೋವಿಯಾಕ್ಕೆ ಮರಳಿದ. ಉಳಿದ ಪ್ರತಿನಿಧಿಗಳು ಹೋಟೆಲುಗಳಲ್ಲಿ ಉಳಿದು, ಯಾರಿಗೆ ಯಾವ ಖಾತೆ ಎಂದು ವಾರಗಟ್ಟಲೆ ಹಗ್ಗಜಗ್ಗಾಟ ನಡೆಸಿದರು. ಜೂನ್ 17ರ ಕದನ ವಿರಾಮ ಕೆಲವೇ ದಿನಗಳಲ್ಲಿ ಮುರಿದುಬಿತ್ತು. ಒಂದಷ್ಟು ಹೆಂಗಸರು ಅಕ್ರಾಕ್ಕೂ ಹೋಗಿ, ಬುಡುಬುರಂ ಶಿಬಿರದಲ್ಲಿದ್ದ ಲಿಬೇರಿಯಾದ ನಿರಾಶ್ರಿತ ಮಹಿಳೆಯರನ್ನು ಜೊತೆ ಸೇರಿಸಿಕೊಂಡು ಸಭಾಭವನದ ಹೊರಗೆ ಕೂತರು.

ಜುಲೈ 21ರಂದು ಮನ್ರೋವಿಯಾದ ಮೇಲೆ ಶೆಲ್ ಬಿದ್ದು, ಅಮೆರಿಕದ ರಾಯಭಾರ ಕಚೇರಿಯ ಆವರಣದಲ್ಲಿ ಆಶ್ರಯ ಪಡೆದವರೇ ಸತ್ತ ಸುದ್ದಿ ಬಂತು. ಆ ದಿನ ಅಕ್ರಾದಲ್ಲಿ ಹೆಂಗಸರು ಕೈಗೆ ಕೈ ಹೆಣೆದು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಒಪ್ಪಂದ ಆಗುವವರೆಗೆ ಯಾರನ್ನೂ ಊಟಕ್ಕೂ ಬಿಡುವುದಿಲ್ಲ ಎಂದರು. ಭದ್ರತಾ ಸಿಬ್ಬಂದಿ ಬೋವೀ ಅವರನ್ನು ಬಂಧಿಸಲು ಬಂದರು. ಆಕೆ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಇನ್ನು ಉಟ್ಟ ಬಟ್ಟೆಯನ್ನೂ ಕಳಚುತ್ತೇನೆ ಎಂದರು. ಬಂದವರು ನಿಂತುಬಿಟ್ಟರು.

ಏಕೆ ನಿಂತರು? ಪಶ್ಚಿಮ ಆಫ್ರಿಕಾದ ಹಲವು ಸಮುದಾಯಗಳಲ್ಲಿ ತಾಯಿಯಾದವಳು ತಾನಾಗಿ ಬೆತ್ತಲಾಗಿ ನಿಂತರೆ ಅದನ್ನು ನೋಡಿದ ಗಂಡಸಿಗೆ ಶಾಪ ತಟ್ಟುತ್ತದೆ ಎಂಬ ನಂಬಿಕೆಯಿದೆ. ಹಡೆದ ಒಡಲೇ ಕೊಟ್ಟ ಜೀವವನ್ನು ಹಿಂದಕ್ಕೆ ಕೇಳಿದಂತೆ. ಇದು ಅಕ್ರಾದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಹಿಂದಿನ ವರ್ಷವಷ್ಟೇ, 2002ರ ಜುಲೈನಲ್ಲಿ, ನೈಜೀರಿಯಾದ ಎಸ್ಕ್ರಾವೋಸ್ ತೈಲ ಟರ್ಮಿನಲ್ಲನ್ನು ವಶಕ್ಕೆ ಪಡೆದ ಹೆಂಗಸರು ಇದೇ ಬೆದರಿಕೆ ಹಾಕಿದ್ದರು. 1992ರಲ್ಲಿ ನೈರೋಬಿಯಲ್ಲಿ ರಾಜಕೀಯ ಕೈದಿಗಳ ತಾಯಂದಿರು ಪೊಲೀಸರೆದುರು ಬಟ್ಟೆ ಕಳಚಿಯೇ ಬಿಟ್ಟಿದ್ದರು.

ನಮ್ಮ ಓದಿನ ಗುಂಪಿನಲ್ಲಿ ಒಬ್ಬರು ಕೇಳಿದರು: ಇದು ಸಬಲೀಕರಣವೋ, ಅಸಹಾಯಕತೆಯೋ? ನನ್ನ ಉತ್ತರ ಇಷ್ಟು. ವರ್ಷಾನುಗಟ್ಟಲೆ ಯಾರ ದೇಹದ ಮೇಲೆ ದಾಳಿ ನಡೆದಿತ್ತೋ ಅವರೇ, ಆ ದೇಹ ನಮ್ಮದು, ಅದರ ಶಕ್ತಿಯೂ ನಮ್ಮದು ಎಂದು ಸಾರಿದ ಗಳಿಗೆ ಅದು. ಸಿದ್ಧಾಂತದ ಪುಸ್ತಕದಲ್ಲಿ ಅದಕ್ಕೆ ಹೆಸರು ಹುಡುಕುವ ಮೊದಲು ಆ ಬಾಗಿಲ ಬಳಿ ನೆಲದ ಮೇಲೆ ಕೂತವರನ್ನು ಕಣ್ಣಮುಂದೆ ತಂದುಕೊಳ್ಳಿ.

ಮಧ್ಯಸ್ಥಿಕೆ ವಹಿಸಿದ್ದ ನೈಜೀರಿಯಾದ ಮಾಜಿ ರಾಷ್ಟ್ರಾಧ್ಯಕ್ಷ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಹೊರಗೆ ಬಂದು ಹೆಂಗಸರ ಮಾತು ಕೇಳಿದರು. ಅವರನ್ನು ದಾಟಿ ಹೋಗಲು ನೋಡಿದ ಪ್ರತಿನಿಧಿಯನ್ನು ಗದರಿ ಒಳಗೆ ಕಳಿಸಿದರು. ಅಲ್ಲಿಂದ ಮಾತುಕತೆಯ ಧಾಟಿಯೇ ಬದಲಾಯಿತು. ಆಗಸ್ಟ್ 11ರಂದು ಟೇಲರ್ ರಾಜೀನಾಮೆ ಕೊಟ್ಟು ನೈಜೀರಿಯಾಕ್ಕೆ ಹೋದ. ಆಗಸ್ಟ್ 18ರಂದು ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಬಂಡುಕೋರರ ಮುತ್ತಿಗೆ, ಅಂತರರಾಷ್ಟ್ರೀಯ ಒತ್ತಡ, ನ್ಯಾಯಾಲಯದ ಆರೋಪ ಎಲ್ಲವೂ ಸೇರಿಯೇ ಇದಾಯಿತು. ಹೆಂಗಸರಿಂದ ಮಾತ್ರ ಆಯಿತು ಎನ್ನುವುದು ಸರಿಯಲ್ಲ. ಅವರಿಲ್ಲದೆಯೂ ಆಗುತ್ತಿತ್ತು ಎನ್ನುವುದು ಇನ್ನೂ ದೊಡ್ಡ ತಪ್ಪು.

ಸಹಿ ಬಿದ್ದ ಮೇಲೆ

ನಮ್ಮ ನೋಟ್ಸುಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಅವರ ಕೆಲಸ ಮುಗಿಯಲಿಲ್ಲ. 2003ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಶಸ್ತ್ರ ಒಪ್ಪಿಸಿಕೊಳ್ಳಲು ಶುರುಮಾಡಿದಾಗ ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಹೋರಾಟಗಾರರು ಬಂದು ಗಲಭೆಯೇ ಆಯಿತು, ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಆ ಹುಡುಗರನ್ನು ಬಲ್ಲ ಹೆಂಗಸರು ಅವರನ್ನು ಸಮಾಧಾನಪಡಿಸುವ ಕೆಲಸಕ್ಕೂ ಇಳಿದರು. 2005ರ ಅಧ್ಯಕ್ಷ ಚುನಾವಣೆಗೆ ಮುಂಚೆ ಮತ್ತದೇ ಸಂತೆ, ಅದೇ ಬೀದಿ: ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಹೆಂಗಸರನ್ನು ಹುಡುಕಿ ಹೋದರು, ಮಾರುಕಟ್ಟೆಯ ಹೆಂಗಸು ಸಾಲಿನಲ್ಲಿ ನಿಂತಿದ್ದಾಗ ಅವಳ ಅಂಗಡಿ, ಮಗು ನೋಡಿಕೊಂಡರು. ನೋಂದಾಯಿತ ಮತದಾರರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಾದರು. ನವೆಂಬರ್‌ನ ಎರಡನೇ ಸುತ್ತಿನಲ್ಲಿ ಸರ್ಲೀಫ್, ಫುಟ್‌ಬಾಲ್ ತಾರೆ ಜಾರ್ಜ್ ವಿಯಾರನ್ನು ಶೇ 59ರಷ್ಟು ಮತ ಪಡೆದು ಸೋಲಿಸಿದರು.

ಪರೀಕ್ಷೆಗೆ ಓದುವವರು ಇಲ್ಲೊಂದು ಕಡೆ ಎಡವುತ್ತಾರೆ. ಸರ್ಲೀಫ್ ಆಫ್ರಿಕಾದಲ್ಲಿ ಚುನಾವಣೆಯಿಂದ ಆಯ್ಕೆಯಾದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ. 1996ರಲ್ಲಿ ಲಿಬೇರಿಯಾದ ಮಧ್ಯಂತರ ಆಡಳಿತ ಮಂಡಳಿಯ ಮುಖ್ಯಸ್ಥೆಯಾಗಿದ್ದ ರೂತ್ ಪೆರಿ ಚುನಾಯಿತರಲ್ಲ. "ಚುನಾಯಿತ" ಎಂಬ ಪದ ಬಿಟ್ಟರೆ ಉತ್ತರ ತಪ್ಪು.

ಭಾರತಕ್ಕೂ ಇಲ್ಲೊಂದು ನಂಟಿದೆ. 2007ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಲಿಬೇರಿಯಾಕ್ಕೆ ಹೋದ ಸಿಆರ್‌ಪಿಎಫ್ ಮಹಿಳೆಯರ ತುಕಡಿ, ಪೂರ್ತಿ ಮಹಿಳೆಯರೇ ಇದ್ದ ಮೊದಲ ಶಾಂತಿಪಾಲನಾ ಪೊಲೀಸ್ ಘಟಕ. ಅಧ್ಯಕ್ಷೆಯ ಕಚೇರಿಗೆ ಕಾವಲು, ರಾತ್ರಿ ಗಸ್ತು, ಶಾಲಾ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಅವರ ಕೆಲಸಗಳಾಗಿದ್ದವು. 2016ರಲ್ಲಿ ಹಿಂದಿರುಗಿದರು.

ಕಹಿಯನ್ನೂ ಬರೆದುಕೊಳ್ಳಬೇಕು. 2012ರಲ್ಲಿ ಟೇಲರನಿಗೆ 50 ವರ್ಷ ಜೈಲು ಶಿಕ್ಷೆಯಾಯಿತು. ಅದು ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ, ಲಿಬೇರಿಯಾದಲ್ಲಿ ನಡೆದವುಗಳಿಗಲ್ಲ. ಅದೇ ವರ್ಷ ಬೋವೀ, ಸರ್ಲೀಫ್ ಸರ್ಕಾರದ ಭ್ರಷ್ಟಾಚಾರ ಮತ್ತು ಸ್ವಜನಪಕ್ಷಪಾತವನ್ನು ಬಹಿರಂಗವಾಗಿ ಟೀಕಿಸಿ ಸಾಮರಸ್ಯ ಪ್ರಯತ್ನದ ಮುಖ್ಯಸ್ಥೆಯ ಸ್ಥಾನ ಬಿಟ್ಟರು. ನೊಬೆಲ್ ಹಂಚಿಕೊಂಡು ಒಂದು ವರ್ಷವಷ್ಟೇ ಆಗಿತ್ತು. ಇದನ್ನು ಹೆಂಗಸರ ಜಗಳವೆಂದು ಓದಬೇಡಿ. ತಾವು ಗೆಲ್ಲಿಸಿದ ಸರ್ಕಾರವನ್ನೂ ಪ್ರಶ್ನಿಸುವುದು ಆ ಬಯಲಿನಲ್ಲಿ ಕಲಿತ ಪಾಠವೇ.

ಹಳ್ಳಿಗಳಲ್ಲಿ ಕೆಲಸ ಇನ್ನೊಂದು ರೂಪ ಪಡೆಯಿತು. ನಮ್ಮ ಅರಳಿಕಟ್ಟೆಯಂತೆ ಅಲ್ಲಿ ಊರಿನ ಪಂಚಾಯ್ತಿ ನಡೆಯುವುದು ಪಲಾವಾ ಗುಡಿಸಲಿನಲ್ಲಿ. ಅಲ್ಲಿ ಹಿರಿಯ ಗಂಡಸರ ಮಾತೇ ನಡೆಯುತ್ತಿತ್ತು. ಆ ಮಾದರಿಯಲ್ಲೇ ಹೆಂಗಸರು ಶಾಂತಿ ಗುಡಿಸಲುಗಳನ್ನು ಕಟ್ಟಿಕೊಂಡು ಜಮೀನಿನ ತಂಟೆ, ಗಂಡ ಹೆಂಡಿರ ಜಗಳವನ್ನು ತಾವೇ ಕೂತು ಕೇಳತೊಡಗಿದರು. ಮನ್ರೋವಿಯಾದ ಬಯಲೂ ಖಾಲಿಯಾಗಲಿಲ್ಲ. 2017ರಲ್ಲಿ ಸರ್ಲೀಫ್ ಅವಧಿ ಮುಗಿದು ಚುನಾವಣೆ ಬಂದಾಗ, ಗಲಭೆಯಿಲ್ಲದೆ ನಡೆಯಲಿ ಎಂದು ಬಿಳಿ ಬಟ್ಟೆಯ ಹೆಂಗಸರು ಟಬ್‌ಮನ್ ಬುಲೇವಾರ್ಡಿನ ಪಕ್ಕದಲ್ಲಿ ಮತ್ತೆ ಬಂದು ಕೂತಿದ್ದರು.