ಮೋಟಾರ್ ನ್ಯೂರಾನ್ ಕಾಯಿಲೆ ಇರುವವರಿಗೆ ಬೆಣ್ಣೆ-ತುಪ್ಪ ಬಿಡಿಸಬೇಕೇ?

ಪ್ರಶ್ನೆ: ನಾವು ದಾವಣಗೆರೆಯವರು. ಅಪ್ಪಾಜಿಗೆ 62 ವರ್ಷ. ಮೋಟಾರ್ ನ್ಯೂರಾನ್ ಕಾಯಿಲೆ ಎಂದು ಗೊತ್ತಾಗಿ ಎಂಟು ತಿಂಗಳಾಯಿತು. ಆಗ 64 ಕಿಲೋ ಇದ್ದವರು ಈಗ 58 ಕಿಲೋ ಆಗಿದ್ದಾರೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ತುಸು ಹೆಚ್ಚು ಬಂದಿದ್ದರಿಂದ ಬೆಣ್ಣೆ, ತುಪ್ಪ, ಶೇಂಗಾ ಎಲ್ಲವನ್ನೂ ಬಿಡಿಸಿದ್ದೇವೆ. ಈಗ ಪರಿಚಿತರೊಬ್ಬರು ಈ ಕಾಯಿಲೆಗೆ ತುಪ್ಪವೇ ಮದ್ದು ಎನ್ನುತ್ತಿದ್ದಾರೆ. ಯಾವುದು ಸರಿ?

ಉತ್ತರ: ತುಪ್ಪ ಮದ್ದಲ್ಲ, ಆದರೆ ಅದನ್ನು ಪೂರ್ತಿ ಬಿಡಿಸಿದ್ದು ಹೆಚ್ಚಿನ ತಪ್ಪು. ನಿಮ್ಮ ತಂದೆಯವರು ಎಂಟು ತಿಂಗಳಲ್ಲಿ ತಮ್ಮ ತೂಕದ ಶೇ 9ಕ್ಕಿಂತ ಹೆಚ್ಚನ್ನು ಕಳೆದುಕೊಂಡಿದ್ದಾರೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಈ ಕಾಯಿಲೆಯಲ್ಲಿ ಶೇ 5ರಷ್ಟು ಇಳಿಕೆಯನ್ನೇ ವೈದ್ಯರು ಎಚ್ಚರಿಕೆಯ ಗಂಟೆಯೆಂದು ಪರಿಗಣಿಸುತ್ತಾರೆ. ಹೀಗಿರುವಾಗ ತುಸು ಏರಿದ ಕೊಲೆಸ್ಟ್ರಾಲಿಗಿಂತ ಇಳಿಯುತ್ತಿರುವ ತೂಕವೇ ಮೊದಲು ನೋಡಬೇಕಾದ ಸಂಗತಿ.

‘ಕೂತಲ್ಲೇ ಕೂತಿರುವವರಿಗೆ ಎಷ್ಟು ಊಟ ಬೇಕು’ ಎಂದು ನಮ್ಮ ಕಡೆ ಸಾಮಾನ್ಯವಾಗಿ ಕೇಳುತ್ತಾರೆ, ಮತ್ತು ಆ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಈ ಕಾಯಿಲೆಯ ಸಾಮಾನ್ಯ ರೂಪವಾದ ಎಎಲ್‌ಎಸ್‌ನಲ್ಲಿ ಸ್ನಾಯುಗಳು ಕರಗುತ್ತಾ ಹೋದರೂ, ಸುಮಾರು ಅರ್ಧದಷ್ಟು ರೋಗಿಗಳ ದೇಹ ವಿಶ್ರಾಂತಿಯಲ್ಲಿದ್ದಾಗಲೂ ಅವರ ವಯಸ್ಸು, ಎತ್ತರ, ತೂಕಕ್ಕೆ ಹಾಕಿದ ಅಂದಾಜಿಗಿಂತ ಶೇ 10 ಅಥವಾ ಅದಕ್ಕೂ ಹೆಚ್ಚು ಶಕ್ತಿಯನ್ನು ಖರ್ಚು ಮಾಡುತ್ತದೆ. ದಿನಕ್ಕೆ 1,400 ಕ್ಯಾಲೊರಿ ಸಾಕಾಗಬೇಕಿದ್ದ ದೇಹ 140 ಕ್ಯಾಲೊರಿ ಹೆಚ್ಚು ಸುಟ್ಟಿತೆಂದುಕೊಳ್ಳಿ. ಅದು ಮೂರು ಟೀ ಚಮಚ ತುಪ್ಪಕ್ಕೆ ಸಮ. ಅಷ್ಟನ್ನು ಊಟ ತುಂಬಿಕೊಡದಿದ್ದರೆ ತಿಂಗಳಿಗೆ ಅರ್ಧ ಕಿಲೋದಷ್ಟು ಮೈಕೊಬ್ಬು ಕರಗಿಹೋಗುತ್ತದೆ. ನುಂಗಲು ಕಷ್ಟವಾಗಿ ಊಟವೇ ಕಡಿಮೆಯಾದಾಗ, ಉಸಿರಾಟದ ಸ್ನಾಯುಗಳೂ ಏದುತ್ತಾ ದುಡಿಯುವಾಗ, ಈ ಕೊರತೆ ಇನ್ನಷ್ಟು ಹಿಗ್ಗುತ್ತದೆ.

ಕೊಬ್ಬಿನ ಮಾತು ಇಲ್ಲಿ ಬರುವುದು ಸ್ನಾಯುವಿನ ಒಳಗಿನ ಒಂದು ಬದಲಾವಣೆಯಿಂದ. ಆರೋಗ್ಯವಂತ ಸ್ನಾಯು ಗ್ಲೂಕೋಸನ್ನೂ ಕೊಬ್ಬನ್ನೂ ಸಂದರ್ಭ ನೋಡಿಕೊಂಡು ಉರಿಸುತ್ತದೆ. ಎಎಲ್‌ಎಸ್‌ನ ವಂಶವಾಹಿ ದೋಷವಿರುವ ಇಲಿಗಳಲ್ಲಿ, ಕಾಲು ಸೋಲುವುದಕ್ಕೂ ಮೊದಲೇ, ಗ್ಲೂಕೋಸ್ ಉರಿಯುವ ದಾರಿಗೆ ಅಗುಳಿ ಹಾಕುವ ಪಿಡಿಕೆ4 ಎಂಬ ಕಿಣ್ವ ಹೆಚ್ಚಾಗಿ, ಸ್ನಾಯು ಕೊಬ್ಬಿನ ಕಡೆಗೇ ವಾಲಿಕೊಳ್ಳುವುದು ಕಂಡುಬಂದಿದೆ. ಇಂಧನಕ್ಕೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಬಳಕೆಯಾಗುತ್ತದೆ. ಇದೇ ಕಾಯಿಲೆಯಿದ್ದ ನಮ್ಮ ಬಂಧುವೊಬ್ಬರು ಚಿತ್ರದುರ್ಗದ ತಮ್ಮ ಮನೆಯಲ್ಲಿ ಬೆಲ್ಟಿಗೆ ಮೊಳೆಯಿಂದ ಮೂರನೇ ಹೊಸ ತೂತು ಹೊಡೆಯುತ್ತಾ, ‘ಪಥ್ಯ ಹಿಡಿದಿದೆ’ ಎಂದು ಸಮಾಧಾನ ಪಟ್ಟುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪಥ್ಯವಲ್ಲ, ಕಾಯಿಲೆಯೇ ಅವರ ದಾಸ್ತಾನನ್ನು ಖಾಲಿ ಮಾಡುತ್ತಿತ್ತು.

ತುಪ್ಪದ ಪರವಾಗಿ ಮಾತಾಡುವವರಿಗೆ ಆಧಾರವೇ ಇಲ್ಲವೆಂದಲ್ಲ. 2004ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು ಇಂಥ ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ ಕೊಟ್ಟಾಗ ಅವು ಸುಮಾರು ಶೇ 20ರಷ್ಟು ಹೆಚ್ಚು ಕಾಲ ಬದುಕಿದವು. 2008ರಲ್ಲಿ, ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಪ್ರಮಾಣ ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್‌ಗೆ ಹೋಲಿಸಿದರೆ ಹೆಚ್ಚಿದ್ದ ಫ್ರಾನ್ಸಿನ ರೋಗಿಗಳು ಉಳಿದವರಿಗಿಂತ ಸುಮಾರು ಒಂದು ವರ್ಷ ಹೆಚ್ಚು ಬದುಕಿದ್ದು ವರದಿಯಾಯಿತು. ಮರುವರ್ಷ ಇಟಲಿಯ ರೋಗಿಗಳಲ್ಲಿ ಹುಡುಕಿದಾಗ ಆ ನಂಟು ಸಿಗಲಿಲ್ಲ. ನೇರ ಪರೀಕ್ಷೆ ನಡೆದದ್ದು ಜರ್ಮನಿಯಲ್ಲಿ, ಅದರ ಫಲಿತಾಂಶ ಬಂದದ್ದು 2020ರಲ್ಲಿ. 201 ರೋಗಿಗಳ ಪೈಕಿ ಒಂದು ಗುಂಪಿಗೆ ಊಟದ ಜೊತೆ ದಿನಕ್ಕೆ 405 ಕ್ಯಾಲೊರಿಯ, ಅಂದರೆ ಒಂಬತ್ತು ಟೀ ಚಮಚ ತುಪ್ಪಕ್ಕೆ ಸಮನಾದ, ಕೊಬ್ಬಿನ ಪೇಯ ಕೊಟ್ಟರು. ಒಟ್ಟಾರೆ ಆಯುಷ್ಯ ಹೆಚ್ಚಲಿಲ್ಲ. ಕಾಯಿಲೆ ವೇಗವಾಗಿ ಏರುತ್ತಿದ್ದವರಿಗೆ ಮಾತ್ರ ಪ್ರಯೋಜನ ಆದಂತೆ ಕಂಡಿತಾದರೂ, ಅದು ಅಂಕಿಗಳನ್ನು ಆಮೇಲೆ ಬಿಡಿಸಿ ನೋಡಿದಾಗ ಸಿಕ್ಕ ಸುಳಿವು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಂತೂ, ಕೊಳವೆಯ ಮೂಲಕ ಆಹಾರ ಪಡೆಯುತ್ತಿದ್ದವರಿಗೆ ಕೊಬ್ಬಿಗಿಂತ ಪಿಷ್ಟ-ಸಕ್ಕರೆ ಹೆಚ್ಚಿದ್ದ ಆಹಾರವೇ ಒಗ್ಗಿತ್ತು. ಆದ್ದರಿಂದ ಒಟ್ಟು ಕ್ಯಾಲೊರಿ ಸಾಲದೆ ಹೋಗಬಾರದು ಎಂಬುದಷ್ಟೇ ಗಟ್ಟಿಯಾದ ಮಾತು ಎಂಬುದು ನನ್ನ ಅಭಿಪ್ರಾಯ. ಕೊಬ್ಬಿನ ಅನುಕೂಲವೆಂದರೆ ಒಂದು ಗ್ರಾಮಿಗೆ 9 ಕ್ಯಾಲೊರಿ ಇರುವುದು. ನಾಲ್ಕು ತುತ್ತಿಗೇ ದಣಿಯುವವರಿಗೆ ಇದು ಸಣ್ಣ ಉಪಕಾರವಲ್ಲ.

ಅವರಿಗೆ ಮೊದಲೇ ಹೃದಯಾಘಾತವಾಗಿದ್ದರೆ, ಸ್ಟೆಂಟ್ ಹಾಕಿದ್ದರೆ ಅಥವಾ ಸಕ್ಕರೆ ಕಾಯಿಲೆಯಿದ್ದರೆ ಈ ತೀರ್ಮಾನವನ್ನು ವೈದ್ಯರ ಜೊತೆ ಕೂತೇ ಮಾಡಬೇಕು. ಕೊಲೆಸ್ಟ್ರಾಲಿನ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಅಡುಗೆಮನೆಯ ವಿಷಯ. ನಮ್ಮೂರಿನ ಬೆಣ್ಣೆ ದೋಸೆಯನ್ನು ನಿಷೇಧಿಸಬೇಕಿಲ್ಲ, ಆದರೆ ಗರಿಗರಿ ಅಂಚು ತೆಗೆದು, ನಡುವಿನ ಮೆತ್ತನೆಯ ಭಾಗವನ್ನು ನೀರಾಗಿಸಿದ ಚಟ್ನಿಯಲ್ಲಿ ಅದ್ದಿ ಕೊಡಿ. ನಾಲಿಗೆ ಸೋಲುತ್ತಿದ್ದರೆ ಮಂಡಕ್ಕಿ-ಮೆಣಸಿನಕಾಯಿ ಬೇಡವೇ ಬೇಡ. ಒಣ ಮಂಡಕ್ಕಿಯೂ ಶೇಂಗಾ ಚಟ್ನಿಪುಡಿಯೂ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಅಗಿಯದೆ ನುಂಗುವ ಮುದ್ದೆಯೂ ಅಷ್ಟೇ. ಶೇಂಗಾವನ್ನು ಬೆಣ್ಣೆಯಂತೆ ನುಣ್ಣಗೆ ರುಬ್ಬಿ ಸಾರಿಗೆ ಬೆರೆಸಬಹುದು, ಗಂಜಿಗೂ ಮೆತ್ತಗಿನ ಅನ್ನಕ್ಕೂ ತುಪ್ಪ ಹಾಕಬಹುದು, ಮಜ್ಜಿಗೆಯ ಬದಲು ಕೆನೆಮೊಸರು ಕೊಡಬಹುದು. ನೀರು ಕುಡಿದಾಗಲೇ ಕೆಮ್ಮು ಬರುತ್ತಿದ್ದರೆ ಯಾವ ಹದದ ಆಹಾರ ಸುರಕ್ಷಿತ ಎಂಬುದನ್ನು ನುಂಗುವಿಕೆಯ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಬಹಳ ಮನೆಗಳಲ್ಲಿ ತಪ್ಪುವುದು ಇನ್ನೊಂದಿದೆ. ನಿಮ್ಮ ತಂದೆಯವರು ಈ ಕಾಯಿಲೆಯ ವೇಗ ತಗ್ಗಿಸಲು ಕೊಡುವ ರಿಲುಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಿಂಡಿಯ ಜೊತೆ ಕೊಡಬೇಡಿ. ಜಿಡ್ಡಿನ ಆಹಾರದೊಂದಿಗೆ ಅದು ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆಯಾಗುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಕೊಡಬೇಕು. ತುಪ್ಪ ಹೆಚ್ಚಿಸಿ ಮಾತ್ರೆಯ ಹೊತ್ತನ್ನು ಬದಲಿಸದೆ ಬಿಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಗಿನ ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಊಟ ಹೆಚ್ಚಿಸಿದರೂ ಇಳಿಕೆ ನಿಲ್ಲದಿದ್ದರೆ, ಅಥವಾ ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದರೆ, ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ಪೆಗ್ ಕೊಳವೆಯ ಬಗ್ಗೆ ನೀವೇ ಮುಂದಾಗಿ ನರರೋಗ ತಜ್ಞರನ್ನು ಕೇಳಿ. ಉಸಿರಾಟದ ಸಾಮರ್ಥ್ಯ ಇರಬೇಕಾದ ಮಟ್ಟದ ಶೇ 50ಕ್ಕಿಂತ ಕೆಳಗಿಳಿಯುವ ಮೊದಲು ಅದನ್ನು ಹಾಕಿಸಿಕೊಳ್ಳುವುದು ಹೆಚ್ಚು ಸುರಕ್ಷಿತ. ಆದ್ದರಿಂದ ಮುಂದಿನ ಭೇಟಿಯಲ್ಲಿ ಆ ಉಸಿರಿನ ಪರೀಕ್ಷೆಯ ಅಂಕಿಯನ್ನೂ ಕೇಳಿ, ತೂಕದ ಪಕ್ಕದಲ್ಲೇ ಬರೆದುಕೊಳ್ಳಿ.