ಉಪ್ಪಿನ ಗೆರೆ ಸರಿದಾಗ

ಸಿಂಪಿಗೆ ಓಡಲು ಬರುವುದಿಲ್ಲ. ನೀರು ಒಗ್ಗದಿದ್ದರೆ ಮೀನು ಬೇರೆಡೆಗೆ ಈಜುತ್ತದೆ, ಏಡಿ ಅಡ್ಡಡ್ಡ ನಡೆದಾದರೂ ದಾರಿ ಕಂಡುಕೊಳ್ಳುತ್ತದೆ. ಸಿಂಪಿಯ ತಿರುಗಾಟವೆಲ್ಲ ಮರಿಯಾಗಿದ್ದಾಗಿನ ಎರಡು ಮೂರು ವಾರಗಳಲ್ಲಿ ಮುಗಿದುಹೋಗುತ್ತದೆ. ತೇಲುತ್ತ ತೇಲುತ್ತ ಗಟ್ಟಿ ಜಾಗವೊಂದು ಸಿಕ್ಕಿದರೆ ಅಲ್ಲಿ ಅಂಟಿಕೊಳ್ಳುತ್ತದೆ. ಮುಂದೆ ಬದುಕೂ ಅಲ್ಲೇ, ಸಾವೂ ಅಲ್ಲೇ. ಒಗ್ಗದ ನೀರು ಬಂದಾಗ ಅದಕ್ಕೆ ತಿಳಿದಿರುವ ಉಪಾಯ ಒಂದೇ: ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕಾಯುವುದು.

ಎಷ್ಟು ದಿನ ಕಾಯಬಲ್ಲದು? ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪಿರುತ್ತದೆ. ಅಮೆರಿಕದ ಪೂರ್ವ ಮತ್ತು ದಕ್ಷಿಣ ತೀರದ ಸಿಂಪಿಗೆ ಅಷ್ಟೊಂದು ಬೇಡ, 10ರಿಂದ 20 ಇದ್ದರೆ ಸುಖವಾಗಿರುತ್ತದೆ. ಉಪ್ಪಿನಂಶ 5ಕ್ಕಿಂತ ಕೆಳಗಿಳಿಯಿತೆಂದರೆ ತಿನ್ನುವುದನ್ನು ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಚಳಿಗಾಲವಾದರೆ ಮೈಯ ಕೆಲಸಗಳೆಲ್ಲ ನಿಧಾನವಾಗಿ ನಡೆಯುವುದರಿಂದ ಒಳಗಿನ ದಾಸ್ತಾನಿನಲ್ಲೇ ಬಹಳ ದಿನ ತಳ್ಳುತ್ತದೆ. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದಾಗ ಅದೇ ದಾಸ್ತಾನು ಬೇಗ ಕರಗುತ್ತದೆ, ಕೆಲವೇ ವಾರಗಳಲ್ಲಿ ಬಾಯಿ ತೆರೆದ ಖಾಲಿ ಚಿಪ್ಪು ಉಳಿಯುತ್ತದೆ. ಹಾಗಾಗಿ ನದಿಯ ಸಿಹಿನೀರು ಸಿಂಪಿಯನ್ನು ಕೊಲ್ಲುತ್ತದೆಯೇ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಯಾವ ತಿಂಗಳಲ್ಲಿ ಎಂಬುದನ್ನೂ ಸೇರಿಸಿ ಕೇಳಬೇಕು.

ಉಪ್ಪು ಹೆಚ್ಚಾದರೂ ಕಷ್ಟವೇ. ಉಪ್ಪು ನೀರಿನ ಜೊತೆ ಚಿಪ್ಪಿಗೆ ತೂತು ಕೊರೆದು ಒಳಗಿನದನ್ನು ತಿನ್ನುವ ಬಸವನಹುಳುವಿನ ಜಾತಿಯ ಪ್ರಾಣಿಗಳು ಬರುತ್ತವೆ. ‘ಡರ್ಮೊ’ ಎಂದು ಕರೆಯುವ ಪರಾವಲಂಬಿ ರೋಗವೂ ಬಿಸಿಯಾದ ಉಪ್ಪು ನೀರಿನಲ್ಲೇ ಹಬ್ಬುವುದು. ಆಗಾಗ ನದಿ ಉಕ್ಕಿ ಬಂದು ಇವನ್ನೆಲ್ಲ ತೊಳೆದು ಹೋಗಬೇಕು, ಆದರೆ ಬಂದ ಸಿಹಿನೀರು ಅಲ್ಲೇ ಠಿಕಾಣಿ ಹೂಡಬಾರದು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವವರಿಗೆ ಈ ಲೆಕ್ಕ ಹೊಸದೇನೂ ಅಲ್ಲ. ನದಿಗೂ ಕಡಲಿಗೂ ನಡುವಿನ ಈ ಪಟ್ಟಿ ಎಲ್ಲಿದೆಯೋ ಅಲ್ಲಿ ಚಿಪ್ಪಿನ ಜೀವಿಗಳ ಸಂಸಾರ. ಪಟ್ಟಿ ಸರಿದರೆ ಸಂಸಾರವೂ ಸರಿಯಬೇಕು. ಸರಿಯಲು ಬಾರದ ಪ್ರಾಣಿಯ ಪರವಾಗಿ ಸರಿಯುವವರು ಅದನ್ನು ನಂಬಿದ ಮನುಷ್ಯರು.

ಅಮೆರಿಕದ ಲೂಸಿಯಾನಾ ರಾಜ್ಯದ ದಕ್ಷಿಣ ತೀರದಲ್ಲಿ ಈ ಸರಿದಾಟ ನೂರು ವರ್ಷಗಳಿಂದ ನಡೆದಿದೆ. ಅಲ್ಲಿನ ನೆಲ ಮಿಸಿಸಿಪ್ಪಿ ನದಿ ಏಳು ಸಾವಿರ ವರ್ಷ ಮೆಕ್ಕಲು ತಂದು ಸುರಿದು ಕಟ್ಟಿದ್ದು. ನದಿ ಪ್ರತಿ ಪ್ರವಾಹದಲ್ಲೂ ದಂಡೆ ಮೀರಿ ಹೂಳು ಹರಡುತ್ತಿತ್ತು. ಹಳೆಯ ಮಣ್ಣು ತನ್ನ ಭಾರಕ್ಕೆ ಕುಸಿದಷ್ಟು ಹೊಸದು ಮೇಲೆ ಕೂರುತ್ತಿತ್ತು. 1927ರ ಮಹಾಪ್ರವಾಹದ ನಂತರ ಅಮೆರಿಕ ಸರ್ಕಾರ 1928ರ ಕಾಯಿದೆಯಂತೆ ನದಿಯ ಎರಡೂ ಬದಿಗೆ ಒಡ್ಡು ಭದ್ರಪಡಿಸಿತು. ಊರುಗಳು ಉಳಿದವು, ಜೌಗಿಗೆ ಊಟ ನಿಂತಿತು. ಮೇಲ್ಭಾಗದಲ್ಲಿ ಅದರ ಉಪನದಿ ಮಿಸೌರಿಗೆ ಕಟ್ಟಿದ ಅಣೆಕಟ್ಟುಗಳು ಹೂಳನ್ನು ಹಿಡಿದುಕೊಂಡವು. ಮಿಸಿಸಿಪ್ಪಿ ತರುವ ಹೂಳು ಈಗ ಹಿಂದಿನ ಅರ್ಧದಷ್ಟು. ತೈಲ ಮತ್ತು ಅನಿಲ ಕಂಪನಿಗಳು ಜೌಗಿನೊಳಗೆ ಸಾವಿರಾರು ಮೈಲಿ ಕಾಲುವೆ ತೋಡಿದವು, ಆ ಕಾಲುವೆಗಳ ಗುಂಟ ಉಪ್ಪು ನೀರು ಒಳಗೆ ನುಗ್ಗಿ ಸಿಹಿನೀರಿನ ಹುಲ್ಲಿನ ಬೇರು ಸುಟ್ಟಿತು. ಕಡಲಿನ ಮಟ್ಟವೂ ಏರುತ್ತಿದೆ. 1932ರಿಂದ 2016ರವರೆಗೆ ನೀರುಪಾಲಾದ ನೆಲ ಸುಮಾರು 4,800 ಚದರ ಕಿಲೋಮೀಟರ್. ಹೆಚ್ಚು ಕಡಿಮೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು.

ಕಥೆ ಗೋಜಲಾಗುವುದು ಇಲ್ಲಿಂದ. ನೆಲ ಸಾಯುತ್ತಿದ್ದಂತೆ ಉಪ್ಪಿನ ಗೆರೆ ಒಳನಾಡಿನತ್ತ ಸರಿಯಿತು, ಸಿಂಪಿ ಬೆಳೆಯುವ ಜಾಗವೂ ಅದರ ಹಿಂದೆಯೇ ಸರಿಯಿತು. ಹಿಂದೆ ಹುಲ್ಲು ನಿಂತಿದ್ದಲ್ಲಿ ತೆಳುನೀರಿನ ಕೊಲ್ಲಿ, ಕೊಲ್ಲಿಯ ತಳದಲ್ಲಿ ಸಿಂಪಿಯ ಗದ್ದೆ! ಹತ್ತೊಂಬತ್ತನೆಯ ಶತಮಾನದಲ್ಲಿ ಡಾಲ್ಮೇಷಿಯಾ ತೀರದಿಂದ ವಲಸೆ ಬಂದ ಕ್ರೊಯೇಷಿಯನ್ನರು ಇಲ್ಲಿ ಸಿಂಪಿ ಕೃಷಿಗೆ ರೂಪ ಕೊಟ್ಟರು. ಕಪ್ಪು ಜನರ ಕುಟುಂಬಗಳು, ಫ್ರೆಂಚ್ ಮೂಲದ ಕೇಜನ್ನರು, ಮೂಲನಿವಾಸಿಗಳು ಇದರಲ್ಲೇ ಬದುಕು ಕಟ್ಟಿಕೊಂಡರು. ಇದನ್ನು ಕೃಷಿ ಎನ್ನುವುದು ಅಲಂಕಾರಕ್ಕಲ್ಲ. ಸಾರ್ವಜನಿಕ ನೆಲೆಗಳಿಂದ ಎಳೆಯ ಸಿಂಪಿ ಎತ್ತಿ ತಂದು ತಮ್ಮ ಪಾಲಿನ ನೀರಿನ ತಳದಲ್ಲಿ ಹರಡಿ, ಬಲಿತ ಮೇಲೆ ಕಬ್ಬಿಣದ ಹಲ್ಲಿನ ಬಲೆಚೀಲದಿಂದ ಬಾಚುತ್ತಾರೆ. ಸಸಿಮಡಿಯಿಂದ ಅಗೆ ಕಿತ್ತು ನಾಟಿ ಮಾಡುವ ನಮ್ಮ ರೈತರಿಗೆ ಬೇರೆ ವಿವರಣೆ ಬೇಡ. ನೀರಿನ ತಳ ರಾಜ್ಯ ಸರ್ಕಾರದ್ದು, ಸುಮಾರು 4 ಲಕ್ಷ ಎಕರೆಯನ್ನು ಎಕರೆಗೆ ಕೆಲವೇ ಡಾಲರ್ ಗೇಣಿಗೆ ಕೊಟ್ಟಿದೆ. ಅಮೆರಿಕದ ಸಿಂಪಿಯಲ್ಲಿ ಮೂರನೆಯ ಒಂದು ಪಾಲು ಬಹುಕಾಲ ಇಲ್ಲಿಂದಲೇ ಬರುತ್ತಿತ್ತು.

ಆ ಗೇಣಿಯ ನಕಾಶೆಯನ್ನು ಹರಡಿ ನೋಡಿದರೆ ಅದರಲ್ಲಿ ಅನೇಕ ಕಡೆ ಕಾಣುವುದು ಕಳೆದುಹೋದ ನೆಲದ ಗುರುತು. ಹಾಗಾಗಿ ‘ಕರಾವಳಿಯನ್ನು ಮೊದಲಿನಂತೆ ಮಾಡೋಣ’ ಎಂದಾಗ ಸಿಂಪಿಯವರ ಎದೆ ಧಸಕ್ಕೆಂದರೆ ಆಶ್ಚರ್ಯವಿಲ್ಲ. ಮೊದಲು ಎಂದರೆ ಎಂದು? ವಿಜ್ಞಾನಿ 1920ರ ನಕಾಶೆ ತೋರಿಸುತ್ತಾನೆ. ಸಿಂಪಿಯವನು ತನ್ನ ತಂದೆ ದೋಣಿ ನಡೆಸುತ್ತಿದ್ದ 1970ನ್ನು ನೆನೆಯುತ್ತಾನೆ. ಆ ಎರಡು ವರ್ಷಗಳಲ್ಲಿ ಉಪ್ಪಿನ ಗೆರೆ ಒಂದೇ ಕಡೆ ಇರಲಿಲ್ಲ.

ನದಿಯ ನೀರನ್ನು ಒಡ್ಡಿನಾಚೆ ಬಿಡಬೇಕೆಂದು ಮೊದಮೊದಲು ಕೇಳಿದವರಲ್ಲಿ ಸಿಂಪಿ ಉದ್ಯಮದವರೂ ಇದ್ದರು ಎಂಬುದನ್ನು ಈಗ ಯಾರೂ ಹೆಚ್ಚಾಗಿ ಹೇಳುವುದಿಲ್ಲ. ತೂತು ಕೊರೆಯುವ ಹುಳುವಿನ ಕಾಟಕ್ಕೆ ಸಿಹಿನೀರೇ ಮದ್ದು ಎಂದು ಅವರಿಗೆ ಗೊತ್ತಿತ್ತು. ಆದರೆ ನ್ಯೂ ಆರ್ಲಿಯನ್ಸ್‌ನ ಕೆಳಗೆ ಕ್ಯಾರ್ನಾರ್ವನ್ ಎಂಬಲ್ಲಿ ತೂಬು ಸಿದ್ಧವಾಗಿ ನೀರು ಹರಿದದ್ದು 1991ರಲ್ಲಿ. ಅಷ್ಟರಲ್ಲಿ ಗದ್ದೆಗಳು ಒಳಗೊಳಗೆ ಸರಿದು ತೂಬಿನ ಬಾಯಿಯತ್ತಲೇ ಬಂದಿದ್ದವು. ಸಿಂಪಿ ಸತ್ತಿತು, ಗೇಣಿದಾರರು ಕೋರ್ಟಿಗೆ ಹೋದರು. 2000ದಲ್ಲಿ ಜ್ಯೂರಿ ನೂರು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಘೋಷಿಸಿತು. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕರಾವಳಿ ರಕ್ಷಣೆಯ ಕೆಲಸದಿಂದ ನಷ್ಟವಾದರೆ ಸರ್ಕಾರ ಹೊಣೆಯಲ್ಲ ಎಂಬ ಷರತ್ತು ಗೇಣಿಪತ್ರಗಳಲ್ಲೇ ಇತ್ತು. ಕಾನೂನಿಗೆ ಅದು ಸರಿಯೇ ಇರಬಹುದು. ಆದರೆ ಆ ತೀರ್ಪಿನ ಕಹಿ ಇಪ್ಪತ್ತು ವರ್ಷ ಕಳೆದರೂ ಸಭೆಗಳಲ್ಲಿ ಆರಿಲ್ಲ.

2010ರ ಏಪ್ರಿಲ್ 20ರಂದು ಕಡಲಿನಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತರು. 87 ದಿನ ಎಣ್ಣೆ ಉಕ್ಕಿತು. ಎಣ್ಣೆ ಜೌಗಿಗೆ ಬಾರದಂತೆ ಹೊರದಬ್ಬಲು ರಾಜ್ಯ ಸರ್ಕಾರ ನದಿಯ ತೂಬುಗಳನ್ನು ಬೇಸಿಗೆಯಲ್ಲಿ ಪೂರ್ತಿ ತೆರೆಯಿತು. ಬಿಸಿನೀರು, ಉಪ್ಪಿಲ್ಲದ ನೀರು: ಸಿಂಪಿಗೆ ಇದಕ್ಕಿಂತ ಕೆಟ್ಟ ಕೂಟ ಬೇರೆ ಇಲ್ಲ. ಎಣ್ಣೆ ತಲುಪದ ಕಡೆಗಳಲ್ಲೂ ಗದ್ದೆಗಳು ರಾಶಿರಾಶಿಯಾಗಿ ಸತ್ತವು. ಸಾರ್ವಜನಿಕ ನೆಲೆಗಳು ಇನ್ನೂ ಹಳೆಯ ಮಟ್ಟಕ್ಕೆ ಮರಳಿಲ್ಲ.

2019ರಲ್ಲಿ ಮತ್ತೊಮ್ಮೆ. ನ್ಯೂ ಆರ್ಲಿಯನ್ಸ್ ನಗರವನ್ನು ಪ್ರವಾಹದಿಂದ ಉಳಿಸಲು 1931ರಲ್ಲಿ ಕಟ್ಟಿದ ಬಾನೆ ಕ್ಯಾರಿ ಕೋಡಿಯನ್ನು ಆ ವರ್ಷ ಎರಡು ಬಾರಿ ತೆರೆದರು, ಒಟ್ಟು 123 ದಿನ. ಎರಡನೆಯ ಸಲ ಮೇ ತಿಂಗಳಲ್ಲಿ ತೆರೆದದ್ದು ಜುಲೈ ಕೊನೆಯವರೆಗೆ ಹರಿಯಿತು. ಪಕ್ಕದ ಮಿಸಿಸಿಪ್ಪಿ ರಾಜ್ಯದ ಕಡಲತಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿಂಪಿ ನಾಶವಾಯಿತು. ಇದು ಕರಾವಳಿ ಕಟ್ಟುವ ಯೋಜನೆಯೇ ಅಲ್ಲ, ಬರಿಯ ಪ್ರವಾಹ ನಿಯಂತ್ರಣ. ಸಿಂಪಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಇಷ್ಟೆಲ್ಲ ಗಾಯಗಳ ಮೇಲೆ ಬಂದದ್ದು ಮಿಡ್-ಬ್ಯಾರಟೇರಿಯಾ ಯೋಜನೆ. ಪ್ಲಾಕಮಿನ್ ಸೀಮೆಯ ಒಡ್ಡಿನಲ್ಲಿ ತೂಬು ಇಟ್ಟು ಸೆಕೆಂಡಿಗೆ 75,000 ಘನ ಅಡಿಯವರೆಗೆ, ಅಂದರೆ ನಮ್ಮ ಪತ್ರಿಕೆಗಳ ಭಾಷೆಯಲ್ಲಿ 75,000 ಕ್ಯೂಸೆಕ್, ಕೆಸರು ನೀರನ್ನು ಬ್ಯಾರಟೇರಿಯಾ ಕೊಲ್ಲಿಗೆ ಬಿಡುವುದು. ಮಳೆಗಾಲದಲ್ಲಿ ಕೃಷ್ಣರಾಜಸಾಗರದ ಹೊರಹರಿವಿನ ಸುದ್ದಿ ಓದುವವರಿಗೆ ಈ ಅಳತೆಯ ಗಾತ್ರ ಕಣ್ಣಿಗೆ ಕಟ್ಟೀತು. ಕ್ಯಾರ್ನಾರ್ವನ್ ತೂಬಿನ ಗರಿಷ್ಠ ಹರಿವು 8,000 ಮಾತ್ರ. ಉದ್ದೇಶವೂ ಬೇರೆ: ಅಲ್ಲಿ ಬೇಕಿದ್ದದ್ದು ನೀರು, ಇಲ್ಲಿ ಮಣ್ಣು. ಮರಳು ಭಾರವಾದ್ದರಿಂದ ನದಿಯ ಆಳದಲ್ಲಿ ಸಾಗುತ್ತದೆ. ಮೇಲಿನ ತಿಳಿನೀರು ಬಿಟ್ಟರೆ ನೆಲ ಬೆಳೆಯುವುದಿಲ್ಲ, ಉಪ್ಪು ಮಾತ್ರ ತೊಳೆದುಹೋಗುತ್ತದೆ. ಹಾಗಾಗಿ ಹೊಸ ತೂಬಿನ ಬಾಯಿಯನ್ನು ಮರಳು ದಂಡಿಯಾಗಿ ಸಾಗುವ ಜಾಗದಲ್ಲಿ, ಆಳಕ್ಕೆ ಇಡುವ ವಿನ್ಯಾಸ ಮಾಡಿದರು. ಐವತ್ತು ವರ್ಷಗಳಲ್ಲಿ 50 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಕೂಡುತ್ತದೆ ಎಂಬ ಅಂದಾಜು. ವೆಚ್ಚ ಸುಮಾರು 300 ಕೋಟಿ ಡಾಲರ್, ಅದರ ದೊಡ್ಡ ಪಾಲು ಎಣ್ಣೆ ಸೋರಿಕೆಗೆ ಬಿಪಿ ಕಂಪನಿ ತೆತ್ತ ದಂಡದಿಂದ. ಸಿಂಪಿಗೂ ಆದ ಹಾನಿಗಾಗಿ ಬಂದ ಹಣದಿಂದ ಸಿಂಪಿಯನ್ನು ಮುಳುಗಿಸುವ ತೂಬು ಎಂದು ಅಲ್ಲಿನವರು ಕುಟುಕಿದರು. ಸರ್ಕಾರದ ಪರಿಸರ ವರದಿಯೇ ಕೊಲ್ಲಿಯ ಸಿಂಪಿ, ಕಂದು ಸಿಗಡಿ, ಡಾಲ್ಫಿನ್‌ಗಳಿಗೆ ದೊಡ್ಡ ಹೊಡೆತ ಬೀಳುವುದನ್ನು ಒಪ್ಪಿಕೊಂಡಿತ್ತು.

ನೀರಿನಿಂದ ನೆಲ ಹುಟ್ಟುವುದು ಕಾಗದದ ಮಾತಲ್ಲ. ಇದೇ ರಾಜ್ಯದ ವ್ಯಾಕ್ಸ್ ಲೇಕ್‌ನಲ್ಲಿ 1940ರ ದಶಕದ ಆರಂಭದಲ್ಲಿ ಪ್ರವಾಹದ ನೀರು ಹೊರಹೋಗಲೆಂದು ಕಾಲುವೆ ತೋಡಿದರು. ಮೂರು ದಶಕ ಏನೂ ಕಾಣಲಿಲ್ಲ. ಹೂಳೆಲ್ಲ ನೀರಿನಡಿಯಲ್ಲಿ ಕೂರುತ್ತಿತ್ತು. 1973ರ ಪ್ರವಾಹ ಇಳಿದಾಗ ಮಣ್ಣು ತಲೆ ಎತ್ತಿತು, ಅದರ ಮೇಲೆ ನೀರಂಜಿ ಜಾತಿಯ ಗಿಡಗಳು ಬಂದವು, ಗಿಡಗಳು ಇನ್ನಷ್ಟು ಹೂಳು ಹಿಡಿದವು. ಯಾರೂ ಉದ್ದೇಶಿಸದೆ ಹುಟ್ಟಿದ ಆ ನಡುಗಡ್ಡೆಗಳು ಈಗಲೂ ಬೆಳೆಯುತ್ತಿವೆ. ಆದರೆ ಮೂರು ದಶಕ ಕಾಯುವುದು ಭೂವಿಜ್ಞಾನಿಗೆ ಸುಲಭ. ದೋಣಿಯ ಸಾಲದ ಕಂತು ತಿಂಗಳಿಗೊಮ್ಮೆ ಬರುತ್ತದೆ.

ಮಿಡ್-ಬ್ಯಾರಟೇರಿಯಾ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಭೂಮಿಪೂಜೆಯಾಯಿತು. ವೆಚ್ಚ, ಮೀನುಗಾರಿಕೆ, ಮೊಕದ್ದಮೆಗಳ ಕಾರಣ ಕೊಟ್ಟು 2025ರ ಜುಲೈನಲ್ಲಿ ರಾಜ್ಯ ಸರ್ಕಾರವೇ ಅದನ್ನು ಕೈಬಿಟ್ಟಿತು. 50 ಕೋಟಿ ಡಾಲರಿಗೂ ಹೆಚ್ಚು ಆಗಲೇ ಖರ್ಚಾಗಿತ್ತು. ಸಿಂಪಿಯವರು ಗೆದ್ದರು ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾನೆ ಕ್ಯಾರಿ ಕೋಡಿ ಇದ್ದಲ್ಲೇ ಇದೆ, ಮುಂದಿನ ದೊಡ್ಡ ಪ್ರವಾಹಕ್ಕೆ ಮತ್ತೆ ತೆರೆಯುತ್ತದೆ. ಜೌಗು ಕರಗಿದಷ್ಟೂ ಉಪ್ಪು ಒಳಬರುತ್ತದೆ, ಹುಳುವೂ ರೋಗವೂ ಹಿಂದೆಯೇ ಬರುತ್ತವೆ. ಚಂಡಮಾರುತ ತಡೆಯುವ ಹುಲ್ಲು ಇಲ್ಲದಿದ್ದರೆ ದೋಣಿ ಕಟ್ಟುವ ದಕ್ಕೆಯೂ ಉಳಿಯದು. ಇನ್ನೊಂದು ಕಡೆ, ಯೋಜನೆ ರೂಪಿಸಿದವರು ಪರಿಹಾರದ ಲೆಕ್ಕವನ್ನು ಕೊನೆಗಿಟ್ಟುಕೊಂಡದ್ದೂ ತಪ್ಪೇ. ಮಣ್ಣನ್ನು ಎಷ್ಟು ಜಾಣತನದಿಂದ ಅಳೆದರೋ ಮನುಷ್ಯರನ್ನು ಅಷ್ಟು ಜಾಣತನದಿಂದ ಅಳೆದಿದ್ದರೆ, ಯಾರ ಗದ್ದೆ ಯಾವ ವರ್ಷ ಎಲ್ಲಿಗೆ ಹೋಗಬೇಕು, ಹೊಸ ಜಾಗದಲ್ಲಿ ಚಿಪ್ಪು ಹಾಸುವ ಖರ್ಚು ಯಾರದು ಎಂಬುದು ತೂಬಿಗಿಂತ ಮೊದಲೇ ತೀರ್ಮಾನವಾಗುತ್ತಿತ್ತು.

ಚಿಪ್ಪು ಹಾಸುವುದೆಂದರೆ ಸಣ್ಣ ಮಾತಲ್ಲ. ಮರಿ ಕೂರಲು ಗಟ್ಟಿ ತಳ ಬೇಕು, ಹಳೆಯ ಚಿಪ್ಪಿನಷ್ಟು ಇಷ್ಟದ ತಳ ಅದಕ್ಕೆ ಬೇರೆ ಇಲ್ಲ. ನಮ್ಮ ಕರಾವಳಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಲೂಸಿಯಾನಾದಲ್ಲಿ ಬಹುಕಾಲ ಹೋಟೆಲುಗಳ ಹಿಂಬಾಗಿಲಿನಿಂದ ಕಸದ ಗುಡ್ಡೆಗೆ ಹೋಗುತ್ತಿತ್ತು. 2014ರಿಂದ ಅಲ್ಲಿನ ಒಂದು ಸಂಸ್ಥೆ ನ್ಯೂ ಆರ್ಲಿಯನ್ಸ್‌ನ ಹೋಟೆಲುಗಳಲ್ಲಿ ತಿಂದುಳಿದ ಚಿಪ್ಪು ಸಂಗ್ರಹಿಸಿ, ಬಿಸಿಲಿಗೊಣಗಿಸಿ, ಸಮುದ್ರಕ್ಕೆ ಮರಳಿಸುತ್ತಿದೆ. ಜೌಗಿನ ಅಂಚಿನಲ್ಲಿ ಹಾಸಿದ ಚಿಪ್ಪಿನ ದಿಬ್ಬದ ಮೇಲೆ ಮರಿ ಕೂತು, ಅದರ ಮೇಲೆ ಇನ್ನೊಂದು ಕೂತು, ತಾನಾಗಿ ಎತ್ತರವಾಗುವ ಗೋಡೆಯೊಂದು ಏಳುತ್ತದೆ. ಅಲೆಯ ರಭಸ ಅಲ್ಲಿ ಮುರಿಯುತ್ತದೆ. ಒಂದೊಂದು ಬಲಿತ ಸಿಂಪಿ ಅನುಕೂಲವಿದ್ದಾಗ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಸೋಸುತ್ತದೆ. ಕಾಂಕ್ರೀಟ್ ಗೋಡೆ ಕಡಲು ಏರಿದಂತೆ ತಾನೂ ಏರುವುದಿಲ್ಲ, ಇದು ಏರುತ್ತದೆ. ಉದ್ಯಮವೂ ಕರಾವಳಿಯೂ ಜಗಳವಿಲ್ಲದೆ ಒಂದಾಗುವ ಜಾಗ ಇದೇ ಎಂದು ಎಲ್ಲರೂ ಖುಷಿಪಡುತ್ತಾರೆ. ಖುಷಿ ಸರಿಯೇ, ಆದರೆ ದಿಬ್ಬ ಇರುವ ಅಂಚನ್ನು ಹಿಡಿಯುತ್ತದೆಯೇ ಹೊರತು ಹೊಸ ನೆಲ ಕೊಡುವುದಿಲ್ಲ. ಮಣ್ಣು ಬರಬೇಕಾದರೆ ನದಿಯಿಂದಲೇ ಬರಬೇಕು, ಇಲ್ಲವೇ ಪಂಪಿನಿಂದ ಎತ್ತಿ ಸುರಿಯಬೇಕು. ಸುರಿದದ್ದೂ ಕೆಲವು ದಶಕಗಳಲ್ಲಿ ಕುಸಿಯುತ್ತದೆ.

ಗ್ರಾಂಡ್ ಐಲ್ ದ್ವೀಪದ ಬಳಿ ಕೆಲವರು ತಳವನ್ನೇ ಬಿಟ್ಟು ತೇಲುವ ಪಂಜರಗಳಲ್ಲಿ ಸಿಂಪಿ ಬೆಳೆಯುತ್ತಿದ್ದಾರೆ. ಮರಿ ಬರುವುದು ಮೊಟ್ಟೆಕೇಂದ್ರದಿಂದ. ಪಂಜರ ಎತ್ತಿ ಬೇರೆ ನೀರಿಗೆ ಒಯ್ಯಬಹುದು. ಓಡಲು ಬಾರದ ಪ್ರಾಣಿಗೆ ಕೊನೆಗೂ ಕಾಲು ಬಂತು ಎನ್ನೋಣವೇ? ಬಂಡವಾಳ ದೊಡ್ಡದು, ಬಿರುಗಾಳಿಗೆ ಪಂಜರ ಹಾರಿಹೋಗುವ ಭಯವೂ ಇದೆ. ನಾಲ್ಕು ತಲೆಮಾರಿನಿಂದ ತಳ ಬಾಚಿದ ಕುಟುಂಬಕ್ಕೆ ಅದು ಬೇರೆಯೇ ಕಸುಬು. ಕಡಿಮೆ ಉಪ್ಪಿನಲ್ಲಿ ತಾಳುವ ತಳಿ ಆರಿಸುವ ಸಂಶೋಧನೆಯೂ ನಡೆದಿದೆ.

ಇತ್ತ ನದಿ ಯಾರ ಅಪ್ಪಣೆಗೂ ಕಾಯಲಿಲ್ಲ. ಪ್ಲಾಕಮಿನ್ ಸೀಮೆಯ ಇನ್ನೂ ಕೆಳಗೆ, ಒಡ್ಡು ಇಲ್ಲದ ಪೂರ್ವದಂಡೆಯಲ್ಲಿ ನೆಪ್ಚೂನ್ ಪಾಸ್ ಎಂಬ ಚಿಕ್ಕ ಕಾಲುವೆ 2019ರ ಪ್ರವಾಹದ ಸುಮಾರಿಗೆ ಅಗಲವಾಗತೊಡಗಿತು. ಕೆಲವೇ ವರ್ಷಗಳಲ್ಲಿ ಅದರ ಹರಿವು ಲಕ್ಷ ಕ್ಯೂಸೆಕ್ ದಾಟಿತು, ಕೈಬಿಟ್ಟ ತೂಬಿನ ಗರಿಷ್ಠಕ್ಕಿಂತ ಹೆಚ್ಚು. ಆಚೆಗಿನ ಕ್ವಾರಂಟೈನ್ ಕೊಲ್ಲಿಯಲ್ಲಿ ಹೊಸ ಮಣ್ಣು ತಲೆ ಎತ್ತುತ್ತಿದೆ. ಇದಕ್ಕೆ ಯಾರೂ ಮೊದಲೇ ಪರಿಸರ ವರದಿ ಬರೆದಿರಲಿಲ್ಲ. ಹಡಗಿನ ದಾರಿ ಕೆಡುತ್ತದೆಂದು ಸೇನೆಯ ಎಂಜಿನಿಯರುಗಳು ಅದರ ಬಾಯಿಗೆ ಎಷ್ಟು ಕಲ್ಲು ಹಾಕಬೇಕು, ಎಷ್ಟು ನೀರು ಬಿಡಬೇಕು ಎಂದು ಲೆಕ್ಕ ಹಾಕತೊಡಗಿದರು.